ತಿಂಗಳಿಗೆ ನಾಲ್ಕು ದಿನ ಬೀಗ ತೆಗೆಯುವ ಮನೆ, ಊರಿನ ಮಾತಿಗೆ ಸೇರುತ್ತಾ?

ಪ್ರಶ್ನೆ: ನಾವಿರುವುದು ಬೆಂಗಳೂರಿನಲ್ಲಿ. ಚಿತ್ರದುರ್ಗ–ದಾವಣಗೆರೆ ಕಡೆಯ ಒಂದು ತಾಲೂಕು ಊರಿನಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ತಿಂಗಳಿಗೆ ಎರಡು ಸಲ ಶನಿವಾರ ಹೋಗಿ ಭಾನುವಾರ ಸಂಜೆ ವಾಪಸ್ ಬರುತ್ತೇವೆ. ಅಮ್ಮ ಮಾತ್ರ ಮುಂದೆ ವರ್ಷದಲ್ಲಿ ಏಳೆಂಟು ತಿಂಗಳು ಅಲ್ಲೇ ಇರುತ್ತೇನೆ ಅನ್ನುತ್ತಿದ್ದಾರೆ. ಕಂದಾಯ ಒಂದು ವರ್ಷವೂ ಬಾಕಿ ಇಟ್ಟಿಲ್ಲ. ಆದರೂ ಪಕ್ಕದ ಖಾಲಿ ಸೈಟಿನಲ್ಲಿ ಆಳೆತ್ತರ ಜಾಲಿ ಬೆಳೆದಿದೆ, ಚರಂಡಿ ಕಟ್ಟಿಕೊಂಡಿದೆ. ಈಗ ಬಡಾವಣೆಯ ಪಾರ್ಕ್ ಜಾಗದಲ್ಲಿ ಸಮುದಾಯ ಭವನ ಕಟ್ಟುತ್ತಾರಂತೆ. ನಮ್ಮ ಹಾಗೆ ಹೊರಗಿರುವ ನಾಲ್ಕೈದು ಮನೆಯವರು ಸೇರಿ ಬೇಡ ಅಂದೆವು. 'ಅಕ್ಕಾ, ನಿಮ್ಮ ಓಟೇ ಇಲ್ಲಿಲ್ಲ, ನಿಮಗ್ಯಾಕೆ' ಅಂದರು ವಾರ್ಡಿನ ಸದಸ್ಯರು. ಬೀದಿಯವರೂ ಅದೇ ಧಾಟಿಯಲ್ಲಿ ಮಾತಾಡಿದರು. ಒಬ್ಬರು 'ಇಲ್ಲೂ ಒಂದು ಓಟು ಮಾಡಿಸ್ಕೊಳ್ಳಿ' ಅಂದರು. ಇನ್ನೊಬ್ಬರು 'ಕಂದಾಯ ಕಟ್ಟೋದು ನಿಲ್ಲಿಸಿ, ತಾವೇ ಓಡಿ ಬರ್ತಾರೆ' ಅಂದರು. ನಮಗೆ ಆ ಊರಲ್ಲಿ ಮಾತಾಡುವ ಹಕ್ಕು ಇದೆಯೋ ಇಲ್ಲವೋ?

ಉತ್ತರ: ನಿಮ್ಮ ಪತ್ರದಲ್ಲಿ ಸೈಟು, ಚರಂಡಿ, ಪಾರ್ಕು ಎಲ್ಲಾ ಇದೆ. ಆದರೆ ನಿಮಗೆ ಚುಚ್ಚಿರುವುದು 'ನಿಮಗ್ಯಾಕೆ' ಅನ್ನುವ ಮಾತು ಅಂತ ನನಗೆ ಅನ್ನಿಸಿತು. ಅಪ್ಪ ಕಟ್ಟಿಸಿದ ಮನೆಯ ಮುಂದೆಯೇ ನಿಂತು ಆ ಮಾತು ಕೇಳಿಸಿಕೊಳ್ಳುವುದು ಕಷ್ಟ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ: ನಿಮಗೆ ಮಾತಾಡುವ ಹಕ್ಕು ಇದೆ. ಆದರೆ ನೀವು ಅಂದುಕೊಂಡಿರುವ ಕಾರಣಕ್ಕೆ ಅಲ್ಲ, ಅಂದುಕೊಂಡಿರುವಷ್ಟೂ ಅಲ್ಲ.

ನಾನು ಈ ಎರಡೂ ಜಿಲ್ಲೆಗಳ ಊರುಗಳಲ್ಲಿ ಕಂದಾಯ ವಿಭಾಗದ ಗುಮಾಸ್ತನಾಗಿ ಶುರುಮಾಡಿ, ಪುರಸಭೆ ಮುಖ್ಯಾಧಿಕಾರಿಯಾಗಿ ನಿವೃತ್ತನಾದವನು. ಕೆಲಸಕ್ಕೆ ಸೇರಿದಾಗ ಇವೆರಡೂ ಒಂದೇ ಜಿಲ್ಲೆ. ದಾವಣಗೆರೆ ಬೇರೆಯಾಗಿದ್ದು 1997ರಲ್ಲಿ. ಆಗೆಲ್ಲ ಬೀಗ ಹಾಕಿದ ಮನೆ ಅಂದರೆ ಒಂದೋ ವ್ಯಾಜ್ಯದ ಮನೆ, ಇಲ್ಲ ವಾರಸುದಾರರಿಲ್ಲದ ಮನೆ. ಈಗ ಹಾಗಲ್ಲ. ಹೈವೇ ಅಗಲವಾಯಿತು, ಮಕ್ಕಳು ಬೆಂಗಳೂರು ಸೇರಿದರು. ಹೊಳಲ್ಕೆರೆ, ಹೊಸದುರ್ಗ, ಚನ್ನಗಿರಿ, ಜಗಳೂರು ಯಾವ ಕಡೆ ಹೋದರೂ ಶುಕ್ರವಾರದವರೆಗೆ ಕಿಟಕಿ ಮುಚ್ಚಿದ್ದು ಶನಿವಾರ ಮಧ್ಯಾಹ್ನ ಕಾರು ನಿಲ್ಲುವ ಮನೆಗಳು ಸಿಗುತ್ತವೆ. ಹಾಗಾಗಿ ಇದು ನಿಮ್ಮೊಬ್ಬರ ಪ್ರಶ್ನೆಯಲ್ಲ.

ಇಲ್ಲಿ ಎರಡು ಹಕ್ಕುಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಒಂದು, ಸೇವೆ ಕೇಳುವ ಹಕ್ಕು. ಚರಂಡಿ ಎತ್ತಿಸಿ, ಬೀದಿ ದೀಪ ಹಾಕಿಸಿ, ಪಕ್ಕದ ಸೈಟಿನವರಿಗೆ ನೋಟಿಸ್ ಕೊಡಿ ಅನ್ನುವುದು. ಇದಕ್ಕೆ ಓಟು ಬೇಡ, ಆಸ್ತಿ ಇದ್ದರೆ ಸಾಕು. ಆಸ್ತಿ ಇಲ್ಲದ ಬಾಡಿಗೆಯವರೂ ಕೇಳಬಹುದು. ಇನ್ನೊಂದು, ಊರಿನ ದುಡ್ಡು ಎಲ್ಲಿಗೆ ಹೋಗಬೇಕು, ಊರಿನ ಜಾಗದಲ್ಲಿ ಏನಾಗಬೇಕು ಅಂತ ತೀರ್ಮಾನ ಮಾಡುವ ಹಕ್ಕು. ಇದು ಮತದಾರರದ್ದು, ಅವರು ಆರಿಸಿದ ಸದಸ್ಯರದ್ದು. ಸದಸ್ಯರು ಚರಂಡಿ ವಿಷಯಕ್ಕೂ 'ಓಟಿಲ್ಲ' ಅಂದಿದ್ದರೆ ಅದು ತಪ್ಪು. ಪಾರ್ಕಿನ ವಿಷಯಕ್ಕೆ ನೀವು 'ಕಂದಾಯ ಕಟ್ಟುತ್ತೇವೆ, ನಾವು ಹೇಳಿದ್ದು ನಡೆಯಬೇಕು' ಅಂದಿದ್ದರೆ ಅದೂ ತಪ್ಪು.

ಕಂದಾಯದ ಮಾತು ಮುಗಿಸಿಬಿಡೋಣ. ನಿಮ್ಮ ರಸೀದಿ ತೆಗೆದು ನೋಡಿ. ತೆರಿಗೆಯ ಕೆಳಗೆ ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಅಂತ ಇರುತ್ತದೆ. ನೀವು ಆ ಲೈಬ್ರರಿಯ ಬಾಗಿಲು ದಾಟದೇ ಇರಬಹುದು, ಆದರೂ ಕಟ್ಟುತ್ತೀರಿ. ಆಸ್ತಿ ತೆರಿಗೆ ಅನ್ನುವುದು ನಿಮ್ಮ ಬೀದಿ ದೀಪದ ಬಾಡಿಗೆಯಲ್ಲ, ಇಡೀ ಊರಿನ ಖರ್ಚಿನಲ್ಲಿ ನಿಮ್ಮ ಪಾಲು. ಸ್ವಾತಂತ್ರ್ಯಕ್ಕೆ ಮುಂಚೆ ಆಸ್ತಿ ಇದ್ದವರಿಗೆ, ಕಂದಾಯ ಕಟ್ಟುವವರಿಗೆ ಮಾತ್ರ ಓಟು ಇದ್ದ ಕಾಲವೊಂದಿತ್ತು. ಅದನ್ನು ಬಿಟ್ಟುಬಂದಿದ್ದೇವೆ. ಇವತ್ತು ನಿಮ್ಮ ಎದುರು ಮನೆಯ ಬಾಡಿಗೆ ಕೋಣೆಯಲ್ಲಿರುವ ಹಮಾಲಿಗೆ ಅಲ್ಲಿ ಓಟಿದೆ, ನಿಮಗಿಲ್ಲ. ನನಗೆ ಅದು ಸರಿ ಅನ್ನಿಸುತ್ತದೆ. ಮಂಗಳವಾರ ನಲ್ಲಿ ಬರದಿದ್ದರೆ ಕೊಡ ಹಿಡಿದು ಅಲೆಯುವವರು ಅವರು ತಾನೇ?

ಕಂದಾಯ ನಿಲ್ಲಿಸಿ ಅಂದವರ ಮಾತು ದಯವಿಟ್ಟು ಕೇಳಬೇಡಿ. ಯಾರೂ ಓಡಿ ಬರುವುದಿಲ್ಲ. ಬಾಕಿ ನಿಮ್ಮ ಮನೆಯ ಮೇಲೇ ಕೂರುತ್ತದೆ, ಅದಕ್ಕೆ ದಂಡದ ಬಡ್ಡಿ ಬೆಳೆಯುತ್ತದೆ. ನಾಳೆ ಖಾತೆಗೆ ಅರ್ಜಿ ಹಾಕಿದರೆ ಮೊದಲು ಅದನ್ನು ಕಟ್ಟಿ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ, ಅದನ್ನು ಬಳಸಿಕೊಳ್ಳಿ.

ಖಾತೆ ಅಂದಾಗ ನೆನಪಾಯಿತು. ರಸೀದಿ ಇನ್ನೂ ಅಪ್ಪನ ಹೆಸರಲ್ಲೇ ಬರುತ್ತಿದೆಯಾ? ಮೂರು ವರ್ಷವಾದರೂ ಬದಲಾಯಿಸದೇ ಇರುವವರೇ ಜಾಸ್ತಿ, ಅದಕ್ಕೇ ಕೇಳುತ್ತಿದ್ದೇನೆ. ಹಾಗಿದ್ದರೆ ಮಿಕ್ಕೆಲ್ಲಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ಅದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣತಮ್ಮ ಅಕ್ಕತಂಗಿಯರಿದ್ದರೆ ಅವರ ಒಪ್ಪಿಗೆ ಇಟ್ಟುಕೊಂಡು ಪೌತಿ ಖಾತೆಗೆ ಅರ್ಜಿ ಹಾಕಿ, ಇ-ಖಾತೆ ಮಾಡಿಸಿಕೊಳ್ಳಿ. ತೀರಿಕೊಂಡವರ ಹೆಸರಲ್ಲಿರುವ ಮನೆಯಿಂದ ದೂರು ಬಂದರೆ, ಕೆಲಸ ಮಾಡಲು ಮನಸ್ಸಿಲ್ಲದ ಗುಮಾಸ್ತನಿಗೆ ಅದೊಂದು ನೆಪವಾಗುತ್ತದೆ. ಆ ನೆಪ ಕೊಡಬೇಡಿ.

ಇನ್ನು ಓಟು. 'ಇಲ್ಲೂ ಒಂದು ಮಾಡಿಸ್ಕೊಳ್ಳಿ' ಅನ್ನುವುದು ನಮ್ಮ ಕಡೆ ತುಂಬ ಸಲೀಸಾಗಿ ಹೇಳುವ ಮಾತು. ಅದು ಅಪರಾಧ. 1950ರ ಜನಪ್ರತಿನಿಧಿ ಕಾಯ್ದೆ ಪ್ರಕಾರ ಒಬ್ಬರ ಹೆಸರು ಒಂದೇ ಕಡೆ ಇರಬೇಕು. ಸುಳ್ಳು ಹೇಳಿ ಸೇರಿಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಅದೇ ಕಾಯ್ದೆಯ 20ನೇ ಕಲಂ ನಿಮಗಾಗಿಯೇ ಬರೆದ ಹಾಗಿದೆ: ಒಂದು ಊರಲ್ಲಿ ಮನೆ ಇದೆ ಅನ್ನುವ ಕಾರಣ ಒಂದರಿಂದಲೇ ಯಾರೂ ಅಲ್ಲಿಯ ಸಾಮಾನ್ಯ ನಿವಾಸಿ ಆಗುವುದಿಲ್ಲ. ಪುರಸಭೆ ಚುನಾವಣೆಗೂ ವಿಧಾನಸಭೆಯ ಮತದಾರರ ಪಟ್ಟಿಯೇ ಆಧಾರ. ಹಾಗಾಗಿ ಬೆಂಗಳೂರಿನಲ್ಲಿ ಎಂ.ಎಲ್.ಎ. ಓಟು, ಊರಲ್ಲಿ ಪುರಸಭೆ ಓಟು ಅಂತ ಹಂಚಿಕೊಳ್ಳಲು ದಾರಿಯಿಲ್ಲ. ತಿಂಗಳಿಗೆ ನಾಲ್ಕು ದಿನ ಇರುವ ನೀವು ಬೆಂಗಳೂರಿನವರೇ. ಅಮ್ಮನ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಮನೆ ಹಳ್ಳಿಯಲ್ಲಿದ್ದಿದ್ದರೂ ಇದೇ ಕಥೆ. ಗ್ರಾಮಸಭೆ ಅಂದರೆ ಆ ಪಂಚಾಯಿತಿಯ ಮತದಾರರ ಸಭೆ.

ಪಕ್ಕದ ಸೈಟಿನ ಜಾಲಿ ಸಣ್ಣ ಕೆಲಸ. ಸೈಟಿನ ಗುರುತು, ಎರಡು ಫೋಟೋ ಇಟ್ಟು ಮುಖ್ಯಾಧಿಕಾರಿಗಳ ಹೆಸರಿಗೆ ಅರ್ಜಿ ಕೊಡಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಪುರಸಭೆ ಮಾಲೀಕರಿಗೆ ನೋಟಿಸ್ ಕೊಡಬೇಕು. ಅವರು ಮಾಡಿಸದಿದ್ದರೆ ತಾನೇ ತೆಗೆಸಿ ಖರ್ಚನ್ನು ಅವರ ಮೇಲೆ ಹಾಕಬಹುದು. ಆದರೆ ನನ್ನ ಅನುಭವದ ಒಂದು ಮಾತು: ಇಂಥ ಸೈಟಿನ ಮಾಲೀಕರನ್ನು ಹುಡುಕುತ್ತಾ ಹೋದರೆ ಹತ್ತರಲ್ಲಿ ಎಂಟು ಸಲ ಅವರೂ ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಇರುತ್ತಾರೆ. ಬೀದಿಯವರ ಕಣ್ಣಲ್ಲಿ ನೀವೂ ಅವರೂ ಒಂದೇ ಗುಂಪು.

ಯಾಕೆ ಹಾಗೆ ನೋಡುತ್ತಾರೆ ಅಂತ ಹೇಳಲೇಬೇಕು. ನೊಂದುಕೊಳ್ಳಬೇಡಿ. ಒಂದು ಮಳೆಗಾಲ, ಡೆಂಗಿ ಜೋರಾಗಿದ್ದಾಗ, ಆಶಾ ಕಾರ್ಯಕರ್ತೆಯ ಜೊತೆ ನಾನೇ ಬೀದಿ ಸುತ್ತಿದೆ. ಒಂದು ಬೀಗ ಹಾಕಿದ ಮನೆ. ಚೆನ್ನಾಗಿ ಕಟ್ಟಿದ ಮನೆ, ಗೇಟಿಗೆ ಹೊಸ ಬಣ್ಣ. ಗೇಟಿನ ಒಳಗೇ ಸಂಪು. ಪಕ್ಕದ ಮನೆಯವರ ಹತ್ತಿರ ಕೀ ಇಸಿದುಕೊಂಡು ಒಳಗೆ ಹೋದೆವು. ಮುಚ್ಚಳದ ಒಂದು ಮೂಲೆ ತುಕ್ಕು ಹಿಡಿದು, ಕೈ ತೂರುವಷ್ಟು ಬಿಟ್ಟುಕೊಂಡಿತ್ತು. ಎತ್ತಿ ಟಾರ್ಚ್ ಬಿಟ್ಟರೆ ತಿಳಿ ನೀರು, ಕನ್ನಡಿಯ ಹಾಗೆ. ಬೆಳಕು ಬಿದ್ದದ್ದೇ ತಡ, ಮೇಲೆ ತೇಲುತ್ತಿದ್ದ ಹುಳಗಳೆಲ್ಲ ಒಟ್ಟಿಗೆ ಕೊಂಕುತ್ತಾ ತಳಕ್ಕೆ ಇಳಿದವು. ಆ ಹುಡುಗಿ ಏನೂ ಅನ್ನಲಿಲ್ಲ. ಬಿಳಿ ತಟ್ಟೆಯಲ್ಲಿ ಒಂದಿಷ್ಟು ನೀರು ತೆಗೆದು ಬೀದಿಯವರಿಗೆ ತೋರಿಸಿದಳು, ಅಷ್ಟೇ. ಪಕ್ಕದ ಮನೆಯ ಮಗು ಆ ವಾರ ಜಿಲ್ಲಾಸ್ಪತ್ರೆಯಲ್ಲಿತ್ತು. ಜ್ವರ ಆ ಸಂಪಿನಿಂದಲೇ ಬಂತು ಅಂತ ಯಾರೂ ಖಚಿತವಾಗಿ ಹೇಳಲಾರರು. ಬೀದಿಯವರು ಮಾತ್ರ ಆ ಮನೆಯವರನ್ನು ಆಮೇಲೆ ನೋಡಿದ ರೀತಿಯೇ ಬೇರೆ.

ಲೆಕ್ಕ ನೋಡಿ. ಡೆಂಗಿ ಸೊಳ್ಳೆ ತಿಳಿ ನೀರಲ್ಲಿ ಮೊಟ್ಟೆಯಿಟ್ಟು, ಅದು ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ನೀವು ಬರುವುದು ಹದಿನೈದು ದಿನಕ್ಕೊಮ್ಮೆ. ದಿನಾ ಜನ ಇರುವ ಮನೆಯಲ್ಲಿ ನೀರು ಖಾಲಿಯಾಗುತ್ತದೆ, ತೊಟ್ಟಿ ತಿಕ್ಕುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಒಂದು ಸಂತಾನ ಪೂರ್ತಿ ಆಗಿಹೋಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದಾಗ ಪಟ್ಟಣದ ಮನೆಗಳಿಗೆ ₹400 ದಂಡವನ್ನೂ ಇಟ್ಟಿತು. ದಂಡ ದೊಡ್ಡದಲ್ಲ. ನಿಮ್ಮ ಮನೆಯೊಳಗೆ ಏನಿದೆ ಅಂತ ಬೀದಿಗೆ ಗೊತ್ತಿಲ್ಲದೇ ಇರುವುದು ದೊಡ್ಡದು. ನೀವು ಚರಂಡಿ ಬಗ್ಗೆ ದೂರು ಹೇಳುವಾಗ ಅವರ ತಲೆಯಲ್ಲಿ ನಿಮ್ಮ ಸಂಪು, ನಿಮ್ಮ ಹಿತ್ತಲ ತೆಂಗಿನಗರಿ ಓಡುತ್ತಿರುತ್ತದೆ. ನಂಬಿಕಸ್ಥರೊಬ್ಬರಿಗೆ ಕೀ ಕೊಟ್ಟು, ವಾರಕ್ಕೊಮ್ಮೆ ಬಾಗಿಲು ತೆಗೆದು ನೋಡಲು ಹೇಳಿ. ಸುಮ್ನೆ ಹೇಳಬೇಡಿ, ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಹೇಳಿ. ಸಮುದಾಯ ಭವನದ ಮಾತಿಗೆ ಕೂರುವ ಮುಂಚೆಯೇ ಇದು ಆಗಬೇಕು.

ಈಗ ಪಾರ್ಕು. ಮೊದಲ ಪ್ರಶ್ನೆ: ಅದು ನಿಜವಾಗಿ ಪಾರ್ಕಾ? ಮಂಜೂರಾದ ಬಡಾವಣೆಯ ನಕ್ಷೆಯಲ್ಲಿ ಎರಡು ಥರದ ಖಾಲಿ ಜಾಗ ಇರುತ್ತದೆ. ಒಂದು ಉದ್ಯಾನವನ. ಇನ್ನೊಂದು ನಾಗರಿಕ ಸೌಲಭ್ಯದ ನಿವೇಶನ, ನಾವು ಸಿ.ಎ. ಸೈಟು ಅನ್ನುತ್ತೇವೆ. ಸಿ.ಎ. ಸೈಟಿನಲ್ಲಿ ಅಂಗನವಾಡಿ, ಲೈಬ್ರರಿ, ಸಮುದಾಯ ಭವನ ಬರಬಹುದು, ಅದಕ್ಕೇ ಇಟ್ಟ ಜಾಗ ಅದು. ಉದ್ಯಾನವನದ ಜಾಗ ಹಾಗಲ್ಲ. ನೆಲದ ಮೇಲೆ ನೋಡಿದರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡರಲ್ಲೂ ಅದೇ ಹುಲ್ಲು, ಅದೇ ಎಮ್ಮೆ. ಇಪ್ಪತ್ತು ವರ್ಷ ಹುಡುಗರು ಕ್ರಿಕೆಟ್ ಆಡಿದರು ಅಂತ ಜನ 'ಪಾರ್ಕ್' ಅಂದುಬಿಡುತ್ತಾರೆ. ಅದಕ್ಕೆ ನಕ್ಷೆ ತೆಗೆಸಿ. ಮಾಹಿತಿ ಹಕ್ಕಿನಲ್ಲಿ ₹10 ಶುಲ್ಕ, ಯಾವ ಊರಲ್ಲಿ ಓಟಿದ್ದರೂ ಭಾರತದ ಪ್ರಜೆಯಾದರೆ ಸಾಕು, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮಂಜೂರಾದ ನಕ್ಷೆಯ ಪ್ರತಿ, ಆ ಜಾಗವನ್ನು ಪುರಸಭೆಗೆ ಬಿಟ್ಟುಕೊಟ್ಟ ಪತ್ರ, ಭವನದ ಬಗ್ಗೆ ಸಭೆಯ ನಡಾವಳಿ. ಇಷ್ಟು ಕೇಳಿ, 'ಯಾಕೆ ಕಟ್ಟುತ್ತಿದ್ದೀರಿ' ಅಂತ ಕೇಳಬೇಡಿ. ದಾಖಲೆ ಕೇಳಿದರೆ ದಾಖಲೆ ಬರುತ್ತದೆ, ಜಗಳ ಕೇಳಿದರೆ ಜಗಳ ಬರುತ್ತದೆ.

ನಕ್ಷೆಯಲ್ಲಿ ಅದು ಉದ್ಯಾನವನ ಅಂತಲೇ ಇದ್ದರೆ ನಿಮ್ಮ ಮಾತಿಗೆ ಗಟ್ಟಿ ನೆಲ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಇಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಅದು ನಡೆಯುವುದಿಲ್ಲ ಅಂದಿತು, ಮುದ್ದಪ್ಪ ಪ್ರಕರಣ ಅಂತ ಹೆಸರಾಗಿದೆ. ಅದನ್ನು ಪ್ರಶ್ನಿಸಲು ಬಡಾವಣೆಯ ನಿವಾಸಿಗಳಿಗೆ ಹಕ್ಕಿದೆ ಅಂತಲೂ ಹೇಳಿತು. ಅಲ್ಲಿ ಹೋಗುತ್ತಿದ್ದದ್ದು ಖಾಸಗಿಯವರಿಗೆ, ಇಲ್ಲಿ ಕಟ್ಟುವುದು ಸಾರ್ವಜನಿಕ ಭವನ, ಎರಡೂ ಒಂದೇ ಅಲ್ಲ. ಆದರೆ ಪಾರ್ಕು ಪಾರ್ಕಾಗಿಯೇ ಉಳಿಯಬೇಕು ಅನ್ನುವ ತತ್ವ ಅಲ್ಲಿಂದ ಗಟ್ಟಿಯಾಗಿದೆ.

ಇಷ್ಟಿದ್ದರೂ ನಾನು ನಿಮ್ಮನ್ನು ಕೋರ್ಟಿಗೆ ಕಳಿಸಲು ಆತುರಪಡುವುದಿಲ್ಲ. ಯಾಕೆ ಅಂತ ಒಂದು ಘಟನೆ ಹೇಳುತ್ತೇನೆ.

ಇಂಥದೇ ಗಲಾಟೆ ನಾನಿದ್ದ ಒಂದು ಊರಿನಲ್ಲಿ ಆಯಿತು. ಹೊರಗಿದ್ದ ಆರು ಮನೆಯವರು ಸಹಿ ಮಾಡಿದ ಅರ್ಜಿ ಬಂತು. ನೀಟಾಗಿ ಟೈಪ್ ಮಾಡಿ, ಕಾಯ್ದೆಯ ಕಲಮುಗಳನ್ನೆಲ್ಲ ಹಾಕಿದ್ದರು. ನಾವು ಸಭೆ ಕರೆದದ್ದು ಬುಧವಾರ ಬೆಳಿಗ್ಗೆ. ಆರರಲ್ಲಿ ಒಬ್ಬರೂ ಬರಲಿಲ್ಲ. ಕೆಲಸದ ದಿನ ಇಟ್ಟಿದ್ದು ನಮ್ಮ ತಪ್ಪು, ಅದನ್ನು ಒಪ್ಪುತ್ತೇನೆ. ಬಂದವರು ಬೀದಿಯ ಹೆಂಗಸರು, ಹದಿನೈದಿಪ್ಪತ್ತು ಜನ. ಅವರಲ್ಲಿ ಬೀಡಿ ಕಟ್ಟುವ ಒಬ್ಬ ತಾಯಿ ಎದ್ದು ನಿಂತರು. 'ಸಾಹೇಬ್ರೇ, ನನ್ನ ಮಗಳ ಸೀಮಂತಕ್ಕೆ ಬೀದೀಲಿ ಶಾಮಿಯಾನ ಹಾಕ್ಸಿದ್ದೆ. ಊಟಕ್ಕೆ ಕೂತಾಗ ಮಳೆ ಬಂತು. ಬಡಿಸಿದ ಪಾಯ್ಸ ಎಲೆ ಮೇಲೇ ನೀರಾಯ್ತು. ಬೀಗರ ಮುಂದೆ ನಾನು ಏನು ಮಾಡ್ಲಿ ಹೇಳ್ರಿ. ಛತ್ರದ ಬಾಡಿಗೆ ನಮ್ಮ ಕೈಲಿ ಆಗಲ್ಲ.' ಸಭೆಯಲ್ಲಿ ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಟೈಪ್ ಮಾಡಿದ ಅರ್ಜಿ ನನ್ನ ಮೇಜಿನ ಮೇಲಿತ್ತು. ಕಾನೂನು ಅದರ ಕಡೆಗೇ ಇತ್ತು. ಆದರೆ ಆ ಕೋಣೆಯಲ್ಲಿದ್ದ ಯಾರಿಗೂ ಅದನ್ನು ಓದಬೇಕು ಅನ್ನಿಸಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ನಕ್ಷೆಯಲ್ಲೇ. ಎರಡು ಬೀದಿ ಆಚೆ ಒಂದು ಸಿ.ಎ. ಸೈಟು ಇತ್ತು. ಜಾಲಿ ಮುಚ್ಚಿ, ಅಂಥದ್ದೊಂದು ಇದೆ ಅನ್ನುವುದೇ ಮರೆತುಹೋಗಿತ್ತು. ಆರು ಮನೆಯವರಲ್ಲಿ ಒಬ್ಬರು, ನಿವೃತ್ತ ಮೇಷ್ಟ್ರು, ಮುಂದಿನ ಸಭೆಗೆ ಎರಡು ದಿನ ಮುಂಚೆಯೇ ಬಂದು ಮನೆಮನೆಗೆ ಹೋದರು. 'ಭವನ ಬೇಡ ಅಂತಲ್ಲಮ್ಮ, ಅಲ್ಲಿ ಆಗ್ಲಿ ಅಂತ' ಅಂದರು. ಭವನ ಅಲ್ಲಿ ಆಯಿತು. ಮೂರು ವರ್ಷ ಹಿಡಿಯಿತು. ಪಾರ್ಕು ಉಳಿಯಿತು.

ನಿಮ್ಮ ನಾಲ್ಕೈದು ಮನೆಯವರು ಬೇಡ ಅಂದಿದ್ದು ಯಾಕೆ? ಗದ್ದಲ ಆಗುತ್ತದೆ, ಶನಿವಾರ ಭಾನುವಾರ ನೆಮ್ಮದಿ ಹೋಗುತ್ತದೆ ಅಂತಲಾ? ಪತ್ರದಲ್ಲಿ ಬರೆದಿಲ್ಲ. ಅದೇ ಕಾರಣವಾದರೆ ಅಲ್ಲಿ ದಿನಾ ಬದುಕುವವರಿಗೆ ಅದು ನೋವಿನ ಮಾತು. ಮಕ್ಕಳಿಗೆ ಆಟದ ಜಾಗ, ಮರದ ನೆರಳು, ಸಂಜೆ ವಯಸ್ಸಾದವರು ಕೂರುವ ಕಟ್ಟೆ, ಇವು ಅವರಿಗೂ ಬೇಕು. ಅಲ್ಲಿಂದ ಮಾತು ಶುರುವಾಗಲಿ.

ಏನು ಮಾಡಬಹುದು, ಅದರಲ್ಲಿ ಅಪಾಯ ಏನು ಅಂತ ನೋಡೋಣ. ಹೊರಗಿರುವವರೇ ಸೇರಿ ಒಂದು ಸಂಘ ಮಾಡಿಕೊಳ್ಳೋಣ ಅನ್ನಿಸಬಹುದು. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು, ಕಾಗದದ ಕೆಲಸ ಸುಲಭ. ನನ್ನ ಸಲಹೆ, ಮಾಡಬೇಡಿ. ಅದು ಊರಿನವರು, ಬೆಂಗಳೂರಿನವರು ಅಂತ ಗೆರೆ ಎಳೆದ ಹಾಗೆ. ಬಡಾವಣೆಯವರ ಕ್ಷೇಮಾಭಿವೃದ್ಧಿ ಸಂಘ ಇದ್ದರೆ ಅದಕ್ಕೆ ಸೇರಿ. ಅಧ್ಯಕ್ಷ, ಕಾರ್ಯದರ್ಶಿ ಅಲ್ಲಿರುವವರೇ ಆಗಲಿ. ನಿಮಗೆ ಗೊತ್ತಿರುವ ಲೆಕ್ಕ ಬರೆಯುವುದು, ಅರ್ಜಿ ತಯಾರಿಸುವುದು ನೀವು ಮಾಡಿಕೊಡಿ. ಪ್ರತಿ ವರ್ಷ ಬಜೆಟ್‌ಗೆ ಮುಂಚೆ, ಸಾಮಾನ್ಯವಾಗಿ ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ, ಪುರಸಭೆಯವರು ಸಾರ್ವಜನಿಕರ ಸಲಹೆ ಕೇಳಲು ಸಭೆ ಕರೆಯುತ್ತಾರೆ. ಅಲ್ಲಿ ಯಾರೂ ಓಟರ್ ಐಡಿ ಕೇಳುವುದಿಲ್ಲ. ಹತ್ತಿಪ್ಪತ್ತು ಜನ ಬಂದರೆ ಹೆಚ್ಚು. ಪಾರ್ಕಿಗೆ ಬೇಲಿ, ಸಿ.ಎ. ಸೈಟಿಗೆ ಭವನ, ಎರಡನ್ನೂ ಒಂದೇ ಅರ್ಜಿಯಲ್ಲಿ ಬೀದಿಯವರ ಸಹಿಯೊಂದಿಗೆ ಕೊಟ್ಟರೆ ಅದಕ್ಕೆ ತೂಕ ಬರುತ್ತದೆ. ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದರೆ ಅವರಿಗೂ ಒಂದು ಪ್ರತಿ ಕೊಡಿ. ಇದರಲ್ಲಿರುವ ಅಪಾಯ ಒಂದೇ, ನಿಧಾನ. ರಜೆ ಹಾಕಿ ವಾರದ ದಿನ ಬರಬೇಕು, ಒಂದಲ್ಲ, ನಾಲ್ಕೈದು ಸಲ.

ಕೋರ್ಟು ಕೊನೆಯ ದಾರಿ. ನಕ್ಷೆಯಲ್ಲಿ ಪಾರ್ಕೇ ಇದ್ದು, ಎಲ್ಲ ಹೇಳಿದ ಮೇಲೂ ಗುದ್ದಲಿ ಪೂಜೆ ಆಗಿ ತಳಪಾಯ ತೆಗೆಯಲು ಶುರುಮಾಡಿದರೆ ವಕೀಲರನ್ನು ನೋಡಿ, ಆಗ ತಡ ಮಾಡಬೇಡಿ. ಕಟ್ಟಡ ಎದ್ದ ಮೇಲೆ ಹೋದರೆ ಕಷ್ಟ. ಆದರೆ ತಡೆಯಾಜ್ಞೆ ತಂದು ನೀವು ಭಾನುವಾರ ಸಂಜೆ ಬೆಂಗಳೂರಿಗೆ ಹೊರಟುಬಿಡುತ್ತೀರಿ. ಸೋಮವಾರದಿಂದ ಆ ಬೀದಿಯಲ್ಲಿ ಇರುವವರು ನಿಮ್ಮ ಅಮ್ಮ ಒಬ್ಬರೇ. ರಾತ್ರಿ ಬಿ.ಪಿ. ಏರಿದರೆ ಆಟೋ ಕರೆಯುವವರು ಪಕ್ಕದ ಮನೆಯವರೇ. ಆ ಲೆಕ್ಕವನ್ನೂ ಹಾಕಿಯೇ ಸಹಿ ಮಾಡಿ.

ಈಗ ಅಮ್ಮನ ಓಟು. ಅವರು ನಿಜವಾಗಿ ಏಳೆಂಟು ತಿಂಗಳು ಅಲ್ಲಿ ಇರುವುದಾದರೆ ಅವರು ಆ ಊರಿನ ನಿವಾಸಿ. ನಿಮ್ಮ ಹತ್ತಿರ ನಡುವೆ ಬಂದು ಹೋಗುವುದರಿಂದ ಅದು ತಪ್ಪುವುದಿಲ್ಲ. ನಮೂನೆ 8 ತುಂಬಿ ಬೆಂಗಳೂರಿನ ಹೆಸರನ್ನು ಅಲ್ಲಿಗೆ ಸ್ಥಳಾಂತರಿಸಿಕೊಳ್ಳಬಹುದು. ಭವನದ ಜಗಳ ಗೆಲ್ಲಲಿಕ್ಕೆ ಅಂತ ಮಾಡಿಸಬೇಡಿ. ಅವರು ಹೋಗಿ ನೆಲೆ ನಿಂತ ಮೇಲೆ ಮಾಡಿಸಿ. ಮತಗಟ್ಟೆ ಅಧಿಕಾರಿ ಪರಿಶೀಲನೆಗೆ ಮನೆಗೆ ಬರುತ್ತಾರೆ, ಆ ದಿನ ಅಮ್ಮ ಮನೆಯಲ್ಲಿರಲಿ. ಆಮೇಲೆ ಸಭೆಗೆ ಅವರೇ ಹೋಗಲಿ, ನೀವು ಜೊತೆಗೆ ಕೂರಿ. ಅಷ್ಟು ವರ್ಷ ಆ ಬೀದಿಯಲ್ಲಿ ಅರಿಶಿನ ಕುಂಕುಮಕ್ಕೆ ಓಡಾಡಿದವರ ಮಾತಿಗೆ 'ನಿಮಗ್ಯಾಕೆ' ಅನ್ನುವುದು ಯಾವ ಸದಸ್ಯರಿಗೂ ಸುಲಭವಲ್ಲ.

ಮುಂದಿನ ಸಲ ಹೋಗುವಾಗ ಸೋಮವಾರವೂ ರಜೆ ಹಾಕಿ. ಅಪ್ಪನ ಮರಣ ಪ್ರಮಾಣಪತ್ರ, ಹಳೆಯ ಕಂದಾಯದ ರಸೀದಿ, ₹10ರ ಪೋಸ್ಟಲ್ ಆರ್ಡರ್ ಜೊತೆಗಿರಲಿ. ಕಚೇರಿಗೆ ಹತ್ತೂವರೆ ಹೊತ್ತಿಗೆ ಹೋಗಿ. ಹಿಂದಿನ ದಿನ, ಭಾನುವಾರ, ಸಂಪು ಖಾಲಿ ಮಾಡಿಸಿ ಗೋಡೆ ತಿಕ್ಕಿಸಿ. ಆ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಇರುತ್ತದೆ, ಬರೀ ನೀರು ಚೆಲ್ಲಿದರೆ ಸಾಲದು.